ಮೋಟರ್ ಬಂದ್ ಮಾಡಿದ ಮ್ಯಾಲ ಉಳಿಯೋ ಸೈಕಲ್ಲು

ನಮ್ಮ ಓಣ್ಯಾಗ ಈಗ ಎಲ್ಲಾರ ಬಾಯಾಗೂ ಇಲೆಕ್ಟ್ರಿಕ್ ಸೈಕಲ್ಲಿಂದ ಮಾತು. ರೇಟ್ ಎಷ್ಟು, ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ದೂರ ಹೋಗ್ತದ ಅಂತ ಕೇಳ್ತಾರ. ನಾ ಕೇಳೋದು ಒಂದ: ಮೋಟರ್ ಬಂದ್ ಮಾಡಿದ್ರ ತುಳಕೋತ ಮನಿಗೆ ಬರಬಹುದೇನ್ರಿ? ಪ್ರಶ್ನೆ ಸಣ್ಣದು ಅನಸ್ತದ, ಆದ್ರ ಮೋಟರ್ ಸೈಕಲ್ಲಿನ ಪೂರಾ ಇತಿಹಾಸ ಇದರ ಸುತ್ತನ ತಿರಗೇದ.

1895ರಾಗ ಅಮೆರಿಕಾದ ಆಗ್ಡೆನ್ ಬೋಲ್ಟನ್ ಅನ್ನಾಂವ ಹಿಂದಿನ ಗಾಲಿ ನಡುವ ಮೋಟರ್ ಕೂಡಿಸಿ ಪೇಟೆಂಟ್ ತಗೊಂಡ. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್ ತನಕ ಕರೆಂಟ್ ಎಳೀತಿತ್ತಂತ. ಆಗಿನ ಬ್ಯಾಟರಿ ಅಂದ್ರ ಭಾಳ ವಜ್ಜಿ, ಲಗೂನ ಖಾಲಿ. ಅದಕ್ಕ ಜನ ಪೆಟ್ರೋಲ್ ಕಡೆ ಹೊಳ್ಳಿದ್ರು.

ಎರಡನೇ ಮಹಾಯುದ್ಧ ಮುಗದ ಮ್ಯಾಲ, 1946ರಾಗ, ಫ್ರಾನ್ಸಿನೊಳಗ ವೆಲೊಸೊಲೆಕ್ಸ್ ಮಾರಾಟಕ್ಕ ಬಂತು. ಕರೀ ಸೈಕಲ್ಲು, ಮುಂದಿನ ಗಾಲಿ ಮ್ಯಾಲ ಒಂದು ಪುಟ್ಟ ಇಂಜಿನ್ನು. ಇಂಜಿನ್ನಿನ ರೋಲರ್ ಟೈರಿಗೆ ತಾಗಿ ಗಾಲಿ ತಿರಗಸ್ತಿತ್ತು. ಹಿಡಿಕೆ ಎಳದು ಇಂಜಿನ್ ಮ್ಯಾಲ ಎತ್ತಿದ್ರ ಅದು ಬರೇ ಸೈಕಲ್ಲು. ಪೆಟ್ರೋಲ್ ಮುಗದ್ರ ಯಾರೂ ಬಂದು ನೂಕಬೇಕಾಗಿರಲಿಲ್ಲ. ಸಾಲಿ ಹುಡುಗ್ಯಾರು, ನರ್ಸ್‌ಗಳು, ಅಂಗಡಿ ಕೆಲಸದ ಹೆಣ್ಮಕ್ಕಳು ಅದನ್ನ ಹಚ್ಚಿಕೊಂಡಿದ್ದು ಯಾಕಂತ ನಮಗ ತಿಳೀತದಲ್ಲ? ಅದು ಲಕ್ಷಗಟ್ಟಲೆ ಮಾರಾಟ ಆತು.

ನಮ್ಮ ಕಡೆ ಆ ಜಾಗಾಕ್ಕ ಬಂದದ್ದು ಲೂನಾ. 1972ರಾಗ ಪುಣೇದ ಕೈನೆಟಿಕ್ ಕಂಪನಿ ತಂದದ್ದು, 50 ಸಿಸಿ. ಪೆಡಲ್ ತುಳದು ಚಾಲೂ ಮಾಡಬೇಕು, ಪೆಟ್ರೋಲ್ ಮುಗದ್ರ ಅದ ಪೆಡಲ್ ಮನಿ ಮುಟ್ಟಸ್ತಿತ್ತು. ನಮ್ಮ ಮೌಶಿ ಹುಬ್ಬಳ್ಳ್ಯಾಗ ಸಾಲಿ ಟೀಚರ್ ಇದ್ರು. ತಿಂಗಳ ಕೊನೀಗೆ ಪೆಟ್ರೋಲಿಗೆ ರೊಕ್ಕ ಕಮ್ಮಿ ಬಿದ್ರ ಇಳಕಲಿನ್ಯಾಗ ಇಂಜಿನ್ ಬಂದ್, ಸಪಾಟ್ ರಸ್ತಾದಾಗ ಪೆಡಲ್, ಏರಿನ್ಯಾಗ ಅಷ್ಟ ಇಂಜಿನ್ನು. “ಲೂನಾ ಬಂದ ಮ್ಯಾಲ ನಾ ಯಾವ ಗಂಡಸಿಗೂ ‘ನನ್ನ ಬಿಟ್ಟು ಬಾ’ ಅನ್ನಲಿಲ್ಲ” ಅಂತ ಹೇಳ್ತಿದ್ರು. ಆಮ್ಯಾಲ ಬಂದ ಗಾಡಿಗಳಿಗೆ ಕಿಕ್ ಬಂತು, ಬಟನ್ ಬಂತು, ಪೆಡಲ್ ಹೋತು. ಸುಖ ಆತು ಖರೇ. ಆದ್ರ ಗಾಡಿ ನಿಂತ್ರ ನಾವೂ ನಿಂತಿವಿ.

ಪೆಡಲ್ ತಿರುಗಿ ಬಂದದ್ದು ಜಪಾನಿನಿಂದ. 1993ರಾಗ ಯಮಾಹಾ ಕಂಪನಿ ಪಾಸ್ ಅನ್ನೋ ಸೈಕಲ್ ತಂತು. ನಾವು ಎಷ್ಟು ಒತ್ತಿ ತುಳೀತೀವಿ ಅನ್ನೋದನ್ನ ಸೆನ್ಸರ್ ಅಳೀತದ, ಮೋಟರ್ ಅದಕ್ಕ ತಕ್ಕಷ್ಟ ಕೈ ಜೋಡಸ್ತದ. ಕಾಲು ನಿಂತ್ರ ಮೋಟರೂ ನಿಂತಂಗ. ಗಂಟೆಗೆ 24 ಕಿಲೋಮೀಟರಿಗೆ ಹೋದ್ರ ಸಹಾಯ ಪೂರ್ತಿ ನಿಲ್ಲಬೇಕು ಅಂತ ಅಲ್ಲಿ ಕಾಯ್ದೆ. ಯುರೋಪಿನ್ಯಾಗ ಅದು 25. ಅಂದ್ರ ಮೋಟರ್ ಇಲ್ದ ತುಳ್ಯೋದು ಆ ಸೈಕಲ್ಲಿನ ಸ್ವಭಾವದಾಗ ಅದ.

ಆ ದೇಶದ ತಾಯಂದ್ರು ಹಿಂದ ಮುಂದ ಕೂಸುಗಳನ್ನ ಕೂಡಿಸಿಕೊಂಡು, ಬುಟ್ಟ್ಯಾಗ ಸಂತಿ ಇಟಗೊಂಡು ಹೋಗೋದು ದಿನದ ಮಾತು. 2008ರಾಗ ಪೊಲೀಸರು ಎರಡು ಕೂಸು ಕೂಡಿಸೋದನ್ನ ಖಡಕ್ಕಾಗಿ ತಡೀಬೇಕಂತ ಹೊಂಟಾಗ ತಾಯಂದ್ರು ಸುಮ್ನ ಕೂಡಲಿಲ್ಲ. 2009ರ ಜುಲೈಯಿಂದ, ಗಟ್ಟಿಮುಟ್ಟು ಇರೋ ಸೈಕಲ್ಲಿಗೆ ಅಷ್ಟ, ಅನುಮತಿ ಸಿಕ್ತು.

ಈಗ ನಮ್ಮ ಮಾತಿಗೆ ಬರೋಣ. ಮೋಟರ್ ಬಂದ್ ಮಾಡಿದ್ರ ಕೆಲವು ಸೈಕಲ್ ಹಗರ, ಕೆಲವು ಕಲ್ಲು ಎಳದಂಗ. ಯಾಕ? ಗಾಲಿಯೊಳಗ ಹಲ್ಲಿನ ಚಕ್ರ ಇರೋ ಸಣ್ಣ ಮೋಟರ್ ಇದ್ರ, ಅದರಾಗ ಫ್ರೀವೀಲ್ ಇರ್ತದ. ಮೋಟರ್ ನಿಂತ್ರೂ ಗಾಲಿ ತನ್ನ ಪಾಡಿಗೆ ತಿರಗ್ತದ. ಪೆಡಲ್ ಹತ್ರ ಮೋಟರ್ ಇರೋದ್ರಾಗೂ ಬಹಳಷ್ಟಕ್ಕ ಕ್ಲಚ್ ಇರ್ತದ. ದೊಡ್ಡ ಗುಂಡನ್ನ ಮೋಟರ್ ನೇರ ಗಾಲಿಗೇ ಕೂತಿದ್ರ, ಒಳಗಿನ ಅಯಸ್ಕಾಂತ ಪ್ರತಿ ಸುತ್ತಿಗೂ ಹಿಂದಕ್ಕ ಜಗ್ಗತದ. ಅದರ ಜೋಡಿ ಬ್ಯಾಟರಿ, ಮೋಟರ್ ಸೇರಿ ಐದಾರು ಕಿಲೋ ಮ್ಯಾಲ ಹೆಚ್ಚಿನ ವಜ್ಜಿ. ಸಪಾಟ್ ರಸ್ತಾದಾಗ ವಜ್ಜಿ ಅಷ್ಟು ಗೊತ್ತಾಗಂಗಿಲ್ಲ, ಧಾರವಾಡದ ಏರಿನ್ಯಾಗ ಮಾತ್ರ ಮೊಣಕಾಲಿಗೆ ಗೊತ್ತಾಗ್ತದ. ಗೇರ್ ಇದ್ರ, ಟೈರಿನ್ಯಾಗ ಗಾಳಿ ಸರಿ ಇದ್ರ ಅರ್ಧ ತ್ರಾಸ ಕಮ್ಮಿ.

ನಮ್ಮ ದೇಶದಾಗ 250 ವಾಟ್ ಒಳಗ, 25 ಕಿಲೋಮೀಟರ್ ವೇಗದ ಒಳಗ ಇರೋ ಇಂಥ ಸೈಕಲ್ಲಿಗೆ ಲೈಸನ್ಸೂ ಬ್ಯಾಡ, ನಂಬರ್ ಪ್ಲೇಟೂ ಬ್ಯಾಡ. ಗಾಡಿ ಕಲೀಲಿಕ್ಕೆ ಯಾರೂ ಬಿಡದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಅದಕ್ಕ ವೈನಿ, ಅಕ್ಕಾ, ಅಂಗಡಿಗೆ ಹೋದಾಗ ಮೋಟರ್ ಹಚ್ಚಿ ಒಂದು ಸುತ್ತು ಹಾಕಿ ಖುಷಿ ಆಗಿ ರೊಕ್ಕ ಎಣಸಬ್ಯಾಡ್ರಿ. ಸ್ವಿಚ್ ಬಂದ್ ಮಾಡಸ್ರಿ. ಹಿಂದ ಒಂದು ಹತ್ತು ಕಿಲೋ ಜ್ವಾಳದ ಚೀಲ ಇಟ್ಟು, ಸಣ್ಣ ಏರು ನೋಡಿ, ನೀವ ತುಳದು ಹತ್ತರಿ. ಆಮ್ಯಾಲ ಹಿಂದಿನ ಗಾಲಿ ಎತ್ತಿ ಕೈಲೆ ತಿರಗಿಸಿ ನೋಡ್ರಿ, ತಾನಾಗಿ ಎಷ್ಟು ಸುತ್ತು ಹೋಗ್ತದ ಅಂತ. ರೇಟಿನ ಮಾತು ಅದರ ಮ್ಯಾಲ.