ಯಾರ ಬುಟ್ಟಿಯ ಸಸಿ ಎತ್ತರ?

ಶ್ರಾವಣ ಬಂತೆಂದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬ. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, 9 ದಿನ ನೀರು ಹಾಕಿ, ಸುತ್ತಲೂ ಹಾಡಿ ಕುಣಿಯುತ್ತಾರೆ. ಸಸಿ ಹುಲುಸಾದರೆ ಒಳ್ಳೆಯ ವರ ಸಿಗುತ್ತಾನೆಂಬ ನಂಬಿಕೆ. ಹಾಗಾಗಿ ಪಕ್ಕದವಳ ಬುಟ್ಟಿಯ ಮೇಲೂ ಕಣ್ಣು! ಆ ಪೈಪೋಟಿಯ ಹುರುಪೂ ಕುಣಿತಕ್ಕೆ ಸೇರುತ್ತದೆ.

ಇವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರು. ರೈಲು ಬಂದು ಆ ಕಸುಬು ಹೋಯಿತು. ಬ್ರಿಟಿಷರ 1871ರ ಕಾಯ್ದೆಯ ಜಾಡಿನಲ್ಲಿ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿಯೂ ಅಂಟಿತು. ಅದು ಕಳಚಿದ್ದು 1952ರಲ್ಲಿ. ಹೊರಗಿನವರು ಕೀಳಾಗಿ ಕಂಡಾಗಲೂ ತಾಂಡಾದೊಳಗೆ ಕುಣಿತ ನಿಲ್ಲಲಿಲ್ಲ.

ಕೊನೆಯ ದಿನ ಎತ್ತರದ ಸಸಿ, ಗಿಡ್ಡ ಸಸಿ ಎಲ್ಲವೂ ಒಟ್ಟಿಗೇ ನೀರಿಗೆ. ಈಗ ಮನೆಮಂದಿಯೆಲ್ಲ ಗುಳೆ ಹೋದರೆ, ತಾಂಡಾದಲ್ಲಿ ಉಳಿದ ಹುಡುಗಿ ಯಾರ ಬುಟ್ಟಿ ನೋಡಿ ಹುರುಪುಗೊಳ್ಳಬೇಕು?