ನ್ಯಾಶ್‌ವಿಲ್ಲಿನ ಶನಿವಾರದ ರಾತ್ರಿ

ವಿಮೆಯ ವ್ಯಾಪಾರಕ್ಕೂ ಹಳ್ಳಿಯ ಪಿಟೀಲಿಗೂ ಏನು ನಂಟು ಎಂದು ಕೇಳಿದರೆ, ನಾನು ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರವನ್ನು ತೋರಿಸುತ್ತೇನೆ. ಅಲ್ಲಿ ನ್ಯಾಷನಲ್ ಲೈಫ್ ಎಂಬ ವಿಮಾ ಸಂಸ್ಥೆ 1925ರ ಅಕ್ಟೋಬರ್ 5ರಂದು ಒಂದು ಬಾನುಲಿ ಕೇಂದ್ರವನ್ನು ತೆರೆಯಿತು. ಅದರ ಹೆಸರು ಡಬ್ಲ್ಯೂ.ಎಸ್.ಎಂ. ಲಕ್ಷಾಂತರ ಜನರಿಗೆ ತಾನು ರಕ್ಷೆ ಎಂಬ ಸಂಸ್ಥೆಯ ಘೋಷಣೆಯ ಮೊದಲಕ್ಷರಗಳವು.

ಅದೇ ನವೆಂಬರ್ 28ರ ರಾತ್ರಿ ಕೇಂದ್ರದ ನಿರ್ದೇಶಕರಾದ ಜಾರ್ಜ್ ಹೇ ಅವರು 77 ವರ್ಷದ ಪಿಟೀಲುಗಾರ ಜಿಮ್ಮಿ ಥಾಂಪ್ಸನ್ ಅವರನ್ನು ಮೈಕಿನ ಮುಂದೆ ಕೂರಿಸಿದರು. ತಮ್ಮ ಊರನ್ನು ದಕ್ಷಿಣದ ಅಥೆನ್ಸ್ ಎಂದು ಕರೆದುಕೊಳ್ಳುತ್ತಿದ್ದ ನಾಗರಿಕರು ಮೂಗು ಮುರಿದರು, ಹಳ್ಳಿಗಳು ಕಿವಿಗೊಟ್ಟವು. 1932ರಲ್ಲಿ ಕೇಂದ್ರದ ಶಕ್ತಿ 50,000 ವಾಟ್‌ಗೆ ಏರಿತು. ಇರುಳಿನಲ್ಲಿ ಮಧ್ಯಮ ತರಂಗಗಳು ಮೇಲಿನ ವಾಯುಮಂಡಲದಿಂದ ಮರಳಿ ದೂರದೂರಕ್ಕೆ ಇಳಿಯುತ್ತವೆ. ಹೀಗಾಗಿ ಒಂದು ಊರಿನ ಹಾಡು ಹಲವು ರಾಜ್ಯಗಳ ಹಾಡಾಯಿತು. ಮನೆಮನೆಗೆ ಹೋಗುವ ವಿಮಾ ಪ್ರತಿನಿಧಿಗೆ ಆ ಕಾರ್ಯಕ್ರಮದ ಹೆಸರೇ ಬಾಗಿಲು ತೆರೆಯುವ ಕೀಲಿಯಾಯಿತು.

ಆ ಹೆಸರು ಹುಟ್ಟಿದ್ದು 1927ರಲ್ಲಿ. ವಾಲ್ಟರ್ ಡ್ಯಾಮ್ರೋಷ್ ಅವರ ಶಾಸ್ತ್ರೀಯ ಸಂಗೀತದ ಪ್ರಸಾರ ಮುಗಿದೊಡನೆ ಡಿಫೋರ್ಡ್ ಬೇಲಿ ಎಂಬ ಕಪ್ಪುಜನಾಂಗದ ಕಲಾವಿದ ಮೌತ್ ಆರ್ಗನ್ನಿನಲ್ಲಿ ರೈಲುಗಾಡಿಯ ಓಟವನ್ನೇ ಮೂಡಿಸಿದರು. ಈವರೆಗೆ ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ಕೇಳುವುದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೇ ಹಾಸ್ಯವಾಡಿದರು. ಹಳ್ಳಿಗನ ಉಚ್ಚಾರಣೆಯೇ ಬಿರುದಾಗಿ ನಿಂತಿತು.

ಬೇಲಿ 1928ರ 52 ಶನಿವಾರಗಳಲ್ಲಿ 49 ಬಾರಿ ನುಡಿಸಿದರು. ಆದರೂ ಪ್ರವಾಸದಲ್ಲಿ ಸಂಗಡಿಗರು ತಂಗುವ ಹೋಟೆಲುಗಳು ಅವರಿಗೆ ಬಾಗಿಲು ಮುಚ್ಚುತ್ತಿದ್ದವು. 1941ರಲ್ಲಿ ಗೀತಸ್ವಾಮ್ಯದ ಜಗಳದಿಂದಾಗಿ ಅವರ ಪ್ರಸಿದ್ಧ ಧಾಟಿಗಳು ಪ್ರಸಾರಕ್ಕೆ ನಿಷಿದ್ಧವಾದಾಗ ಕೇಂದ್ರ ಅವರನ್ನು ಕಳುಹಿಸಿಬಿಟ್ಟಿತು. ಹೊಸದನ್ನು ಕಲಿಯದ ಸೋಮಾರಿ ಎಂಬರ್ಥದಲ್ಲಿ 1945ರ ಪುಸ್ತಿಕೆಯಲ್ಲಿ ಹೇ ಬರೆದರು. ಬೇಲಿ ಅದನ್ನು ಒಪ್ಪಲಿಲ್ಲ. ಬೂಟು ಪಾಲಿಶಿನ ಅಂಗಡಿಯಿಂದ ಬದುಕಿದರು. 1982ರಲ್ಲಿ ತೀರಿಕೊಂಡರು. ಕಂಟ್ರಿ ಸಂಗೀತದ ಕೀರ್ತಿಮಂದಿರ ಅವರ ಹೆಸರನ್ನು ಸೇರಿಸಿದ್ದು 2005ರಲ್ಲಿ.

ಜನಪದ ಸಂಗೀತಕ್ಕೆ ಗೌರವ ತಂದುಕೊಟ್ಟ ಕೇಂದ್ರವೆಂದು ನಾನು ಇದನ್ನು ಮೆಚ್ಚುತ್ತೇನೆ. ಆದರೆ ‘ಜನ’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆ ಎಂಬುದನ್ನು ನಿರ್ಧರಿಸಿದವರು ಮೈಕಿನ ಒಡೆಯರು. ಕೇಳುಗರ ಕಿವಿಗೆ ಬಣ್ಣ ಕಾಣುವುದಿಲ್ಲ. ಅವರಿಗೆ ಕೇಳಿಸಿದ್ದು ರೈಲಿನ ಸದ್ದು ಮಾತ್ರ.