ಗೇಟು ಒಂದೇ ಇದ್ದರೆ

ಆಳಂದದಿಂದ ಉಮರ್ಗಾ ಕಡೆ ಹೊರಟರೆ ಮಹಾರಾಷ್ಟ್ರದ ಗಡಿ ಹತ್ತಿರ ಖಜೂರಿ ಸಿಗುತ್ತೆ. ಅಲ್ಲಿನ ಚೆಕ್‌ಪೋಸ್ಟಿನಲ್ಲಿ ತಪಾಸಣೆ ಬಿಗಿಯಾದ ದಿನ ನಿಮ್ಮ ಕಾರು ಎಷ್ಟೇ ಜೋರಿರಲಿ, ಮುಂದಿನ ಲಾರಿ ಬಿಟ್ಟ ಮೇಲೇ ನಿಮ್ಮ ಪಾಳಿ. ನಮ್ಮ ಕಂಪ್ಯೂಟರಿನೊಳಗೂ ಒಂದು ಕಾಲಕ್ಕೆ ಇದೇ ಕಥೆ ನಡೆದಿತ್ತು.

ಎಎಚ್‌ಸಿಐ ಪದ್ಧತಿಯಲ್ಲಿ ಡಿಸ್ಕಿಗೆ ಒಂದೇ ಸಾಲು, ಅದರಲ್ಲಿ 32 ಆದೇಶ. ತಿರುಗುವ ಹಾರ್ಡ್‌ಡಿಸ್ಕೇ ನಿಧಾನ, ಹಾಗಾಗಿ ಅಷ್ಟು ಸಾಕಿತ್ತು. ಎಸ್‌ಎಸ್‌ಡಿ ಬಂದ ಮೇಲೆ ಆ ಸಾಲೇ ಅಡ್ಡಿಯಾಯಿತು. 2011ರ ಮಾರ್ಚ್‌ನಲ್ಲಿ ಎನ್‌ವಿಎಂಇ ಎಂಬ ಹೊಸ ನಿಯಮಾವಳಿ ಬಂತು: ಸುಮಾರು 64 ಸಾವಿರ ಸಾಲು, ಒಂದೊಂದರಲ್ಲೂ ಅಷ್ಟೇ ಆದೇಶಕ್ಕೆ ಜಾಗ. ಯಾರು ಬೇಕಾದರೂ ಓದಿ ಡ್ರೈವರ್ ಬರೆಯಬಹುದಿತ್ತು. ಇಂಟೆಲ್‌ನ ಮ್ಯಾಥ್ಯೂ ವಿಲ್ಕಾಕ್ಸ್ ಬರೆದದ್ದು 2012ರ ಮಾರ್ಚ್‌ನಲ್ಲಿ ಲಿನಕ್ಸ್ 3.3ರ ಜೊತೆ ಎಲ್ಲರಿಗೂ ಸಿಕ್ಕಿತು.

ಮುಗೀತು ಅಂದ್ಕೊಂಡ್ರಾ? ಇಲ್ಲ. ಲಿನಕ್ಸ್‌ನ ಒಳಗೇ ಡಿಸ್ಕಿಗೆ ಹೋಗುವ ಸಾಮಾನ್ಯ ದಾರಿಯಲ್ಲಿ ಇನ್ನೂ ಒಂದೇ ಸಾಲು, ಅದಕ್ಕೊಂದು ಬೀಗ. ಎನ್‌ವಿಎಂಇ ಡ್ರೈವರ್ ಆ ಸಾಲನ್ನು ತಪ್ಪಿಸಿ ಪಕ್ಕದಿಂದ ಹೋಗುತ್ತಿತ್ತು. 2014ರ ಜನವರಿಯಲ್ಲಿ, 3.13ರಲ್ಲಿ, ಆ ದಾರಿಯನ್ನೇ ಹಲವು ಸಾಲುಗಳದ್ದಾಗಿ ಮಾಡಿದರು. ಮರುವರ್ಷ ಡ್ರೈವರೂ ಅದಕ್ಕೆ ಸೇರಿತು.

ಮುಂದಿನ ಅಧ್ಯಾಯ ಬೆಂಗಳೂರಿನದು. 2019ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ಐಓ-ಯೂರಿಂಗ್ ಬಂತು: ಅಪ್ಲಿಕೇಶನ್ ಉತ್ತರಕ್ಕೆ ಕಾಯದೆ ಕೆಲಸ ಒಪ್ಪಿಸುತ್ತಾ ಹೋಗಬಹುದು. ಆದರೆ ಕರ್ನಲ್‌ನ ಸಾಮಾನ್ಯ ದಾರಿಗೆ ಪರಿಚಯವಿಲ್ಲದ ಹೊಸ ಎನ್‌ವಿಎಂಇ ಆದೇಶಗಳನ್ನು ನೇರವಾಗಿ ಡಿಸ್ಕಿಗೆ ಕಳಿಸಬೇಕಾದರೆ, ಒಂದು ಕಳಿಸು, ಕಾಯಿ, ಆಮೇಲೆ ಇನ್ನೊಂದು. ಮತ್ತೆ ಖಜೂರಿ ಗೇಟು! ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಕಂಚನ್ ಜೋಶಿ, ಅನುಜ್ ಗುಪ್ತಾ ಮತ್ತಿತರರು ಆಕ್ಸ್‌ಬೋ ಜೊತೆ ಸೇರಿ ಇವೆರಡನ್ನೂ ಜೋಡಿಸಿದರು. ಮೊದಲ ಕರಡು ಕಳಿಸಿದ್ದು 2021ರ ಜನವರಿಯಲ್ಲಿ. ಟೀಕೆ ಕೇಳಿ, ಮತ್ತೆ ಮತ್ತೆ ಬರೆದು, ಕೊನೆಗೆ ಒಳಗೆ ಸೇರಿದ್ದು 2022ರ ಲಿನಕ್ಸ್ 5.19ರಲ್ಲಿ. ಒಂದೂವರೆ ವರ್ಷ!

ಬೆಂಗಳೂರಿನ ಐಟಿ ಅಂದ್ರೆ ಬೇರೆಯವರು ಕಟ್ಟಿದ್ದನ್ನು ನೋಡಿಕೊಳ್ಳೋದು ಅನ್ನೋ ಮಾತನ್ನು ನಾವೇ ಎಷ್ಟು ಸಲ ಆಡಿಲ್ಲ? ಈ ಕೋಡ್ ಯಾವ ಗ್ರಾಹಕನ ಪ್ರಾಜೆಕ್ಟಿನಲ್ಲೂ ಮುಚ್ಚಿಹೋಗಿಲ್ಲ. ಬರೆದವರ ಹೆಸರಿನ ಸಮೇತ ಲಿನಕ್ಸ್‌ನಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ವೇಗದ ಡಿಸ್ಕನ್ನು ದುಡ್ಡು ಕೊಟ್ಟು ತರಬಹುದು. ಗೇಟು ತೆಗೆಸೋಕೆ ಮಾತ್ರ ಯಾರಾದರೂ ಕೂತು ಬರೀಬೇಕು, ತಿದ್ದಿಸಿಕೊಳ್ಳೋ ತಾಳ್ಮೆಯೂ ಬೇಕು.